ಬಿಗಿದ ಕೈಗೆ ಬಳೆ ತೊಡಿಸುವ ರೀತಿ

ನಾನು ಇಂಗ್ಲಿಷ್ ಕಲಿತದ್ದು ಒಂದು ಬೈಗುಳದಿಂದ ಎಂಬ ಕಥೆ ಬೈಲಹೊಂಗಲದಲ್ಲಿ ಚಾಲ್ತಿಯಲ್ಲಿದೆ. ಕಥೆ ಕಟ್ಟಿದವರು ನಮ್ಮ ಕಾಲೇಜಿನ ಇಂಗ್ಲಿಷ್ ಸರ್. ಹೊಸ ಹುಡುಗರು ಬಂದಾಗಲೆಲ್ಲ ವೇದಿಕೆ ಹತ್ತಿ ಹೇಳುತ್ತಾರಂತೆ: ಉಗರಗೋಳದ ಬಳೆಗಾರರ ಹುಡುಗಿಯೊಬ್ಬಳಿದ್ದಳು, ಇಂಗ್ಲಿಷ್ ಅಂದರೆ ನಡುಗುತ್ತಿದ್ದಳು, ಇಡೀ ಕ್ಲಾಸಿನ ಮುಂದೆ ಚುಚ್ಚಿ ಮಾತಾಡಿದೆ, ಅವಳಿಗೆ ಛಲ ಬಂತು, ಆರೇ ವಾರದಲ್ಲಿ ಕಿತ್ತೂರಿನ ಚರ್ಚಾಸ್ಪರ್ಧೆಯಲ್ಲಿ ಇಂಗ್ಲಿಷಿನಲ್ಲಿ ನಿಂತಳು. ಚಪ್ಪಾಳೆ.

ಆ ಹುಡುಗಿ ನಾನು. ಚಪ್ಪಾಳೆಯ ಬಗ್ಗೆ ತಕರಾರಿಲ್ಲ. ಚುಚ್ಚಿದ್ದೂ ನಿಜ, ನಿಂತದ್ದೂ ನಿಜ. ಆದರೆ ಒಂದರ ಹಿಂದೆ ಇನ್ನೊಂದು ನಡೆಯಿತು ಎಂದ ಮಾತ್ರಕ್ಕೆ ಮೊದಲನೆಯದು ಕಾರಣವಾಗುವುದಿಲ್ಲ. ತನ್ನ ಕೋಳಿ ಕೂಗಿದ್ದಕ್ಕೇ ಊರಿಗೆ ಬೆಳಗಾಯಿತು ಎಂದುಕೊಂಡ ಮುದುಕಿಯ ತರ್ಕ ಅದು. ಅವಮಾನದಿಂದ ಭಾಷೆ ಬರುವುದಾಗಿದ್ದರೆ ನಮ್ಮ ತಾಲೂಕಿನ ಅರ್ಧ ಮಂದಿ ಇಷ್ಟು ಹೊತ್ತಿಗೆ ಹೈಕೋರ್ಟಿನಲ್ಲಿ ಇಂಗ್ಲಿಷ್ ವಾದ ಮಾಡುತ್ತಿರಬೇಕಿತ್ತು.

ಮೊಬೈಲು ಇನ್ನೂ ಉಳ್ಳವರ ಕಿಸೆಯಲ್ಲಷ್ಟೇ ಇದ್ದ ವರ್ಷಗಳವು. ನಾನು ಬಿ.ಎ. ಮೊದಲ ವರ್ಷ, ವಾರವೆಲ್ಲ ಬೈಲಹೊಂಗಲದ ಹಾಸ್ಟೆಲು, ಶನಿವಾರ ಮಧ್ಯಾಹ್ನ ಸವದತ್ತಿ ಬಸ್ಸು ಹಿಡಿದು ಊರು. ಕನ್ನಡ ಚರ್ಚೆಯಲ್ಲಿ ನನ್ನ ಎದುರು ನಿಲ್ಲಲು ಹಿರಿಯ ಹುಡುಗರೂ ಹಿಂಜರಿಯುತ್ತಿದ್ದರು. ಅದೇ ನಾನು ಇಂಗ್ಲಿಷ್ ಕ್ಲಾಸಿನಲ್ಲಿ ಕೊನೆಯ ಬೆಂಚು, ತಗ್ಗಿಸಿದ ತಲೆ. ಎಸ್ಸೆಸ್ಸೆಲ್ಸಿಯಲ್ಲಿ ಆ ಒಂದು ವಿಷಯದಲ್ಲಿ ನಪಾಸಾಗಿ, ಅಕ್ಟೋಬರಿನಲ್ಲಿ ಮತ್ತೆ ಕೂತು ದಾಟಿದವಳು. ಒಂದು ದಿನ ಸರ್ ನನ್ನನ್ನು ಎಬ್ಬಿಸಿ, ನಿನ್ನ ಮನೆಯ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಹೇಳು ಅಂದರು. ಎರಡು ಹೇಳಿದೆ. ಮೂರನೆಯದು ಹೊರಡಲಿಲ್ಲ.

"ಏನವಾ, ಕನ್ನಡದಾಗ ಹುಲಿ, ಇಂಗ್ಲಿಷಿನ್ಯಾಗ ಇಲಿ ಆದೆಲ್ಲ!"

ಕ್ಲಾಸು ನಕ್ಕಿತು. ಅದೇ ಸಿಟ್ಟಿನಲ್ಲಿ, ಕಿತ್ತೂರಿನ ಸ್ಪರ್ಧೆಗೆಂದು ಫಲಕದ ಮೇಲೆ ಅಂಟಿಸಿದ್ದ ಹಾಳೆಯಲ್ಲಿ ನನ್ನ ಹೆಸರು ಬರೆದೆ. ಸಿಟ್ಟು ಮಾಡಿದ ಕೆಲಸ ಅಷ್ಟೇ. ಸಿಟ್ಟು ಹಾಳೆಯ ಮೇಲೆ ಹೆಸರು ಬರೆಸಬಲ್ಲದು. ಬಾಯಿಂದ ಒಂದು ವಾಕ್ಯ ಹೊರಡಿಸಲಾರದು.

ವಿಷಯ: ಹಳ್ಳಿಯ ಶಾಲೆಗಳಲ್ಲಿ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಬೇಕು. ನನ್ನದು ಬೇಕೆನ್ನುವ ಪಕ್ಷ. ಭಾಷಣವನ್ನು ಸರ್ ಅವರೇ ತಿದ್ದಿ ಕೊಟ್ಟರು. ಅವರು ಕೆಟ್ಟವರಲ್ಲ, ತಮ್ಮ ಊಟದ ಹೊತ್ತನ್ನು ನನಗಾಗಿ ಬಿಟ್ಟಿದ್ದಾರೆ. ನಾನು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಐದು ವಾರ ಹಾಸ್ಟೆಲಿನ ಗೋಡೆಗೆ ಒಪ್ಪಿಸಿದೆ. ಗೋಡೆ ಪ್ರಶ್ನೆ ಕೇಳುವುದಿಲ್ಲ. ಸ್ಪರ್ಧೆಯಲ್ಲಿ ಎದುರು ಪಕ್ಷ ಕೇಳುತ್ತದೆ. ಅದಕ್ಕೇ ಒಂದು ಶುಕ್ರವಾರ ಸರ್ ತಾವೇ ಎದುರು ಪಕ್ಷವಾಗಿ, ಹಳ್ಳಿಯ ಮಂದಿ ಇಷ್ಟು ದಿನ ಇಂಗ್ಲಿಷ್ ಇಲ್ಲದೆಯೇ ಬದುಕಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಾಯಿಪಾಠದಲ್ಲಿ ಆ ಪ್ರಶ್ನೆಗೆ ಜಾಗ ಇರಲಿಲ್ಲ. ಭಾಷಣವನ್ನೇ ಮತ್ತೆ ಮೊದಲಿನಿಂದ ಒಪ್ಪಿಸತೊಡಗಿದೆ.

"ಅಂಜಬ್ಯಾಡ, ಧೈರ್ಯ ಮಾಡ" ಅಂದರು.

ಧೈರ್ಯ ಮಾಡು ಅಂದೊಡನೆ ಇದ್ದಬದ್ದದ್ದೂ ಹೋಯಿತು.

"ಸೋಮವಾರ ಹೇಳವಾ. ಆಗಂಗಿಲ್ಲ ಅಂದ್ರ ಇನ್ನೊಬ್ಬರನ್ನ ಕಳಸ್ತೀವಿ. ಕಾಲೇಜಿನ ಮರ್ಯಾದಿ ನೋಡ್ಬೇಕಲ್ಲ."

ಸೋಮವಾರ ಆಗುವುದಿಲ್ಲ ಎಂದು ಹೇಳಲು ತೀರ್ಮಾನಿಸಿಯೇ ಊರಿಗೆ ಹೋದೆ. ಇಂಗ್ಲಿಷಿಗೆ ಅದೇ ಕೊನೆ ಎಂದೂ ಗೊತ್ತಿತ್ತು. ಹಾಳೆಯಿಂದ ಒಮ್ಮೆ ಹೆಸರು ಹೊಡೆಸಿಕೊಂಡವಳು ಎರಡನೆಯ ಸಲ ಬರೆಯುವುದಿಲ್ಲ.

ದೇವಿಯ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ನಮ್ಮ ಅಮ್ಮಿಯ ಬಳೆ ಅಂಗಡಿ. ಅಮ್ಮಿಗೆ ಓದು ಬರಹ ಬರುವುದಿಲ್ಲ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಸಾಂಗ್ಲಿ ಕೊಲ್ಹಾಪುರದಿಂದ ಬರುವ ಭಕ್ತರೊಂದಿಗೆ ಮರಾಠಿ, ಹುಣ್ಣಿಮೆ ಜಾತ್ರೆಯ ಹೊತ್ತಿಗೆ ಒಂದಿಷ್ಟು ತೆಲುಗು. ಯಾವುದರಲ್ಲೂ ತಪ್ಪಿಲ್ಲ ಎಂದಲ್ಲ, ಎಲ್ಲದರಲ್ಲೂ ತಪ್ಪೇ. ಆದರೆ ಅವಳ ಮರಾಠಿಗೆ ಯಾರೂ ಅಂಕ ಹಾಕಿರಲಿಲ್ಲ. ಅಂಗಡಿಯಲ್ಲಿ ಕೂತರೆ ನನ್ನೊಂದಿಗೂ ಕನ್ನಡವೇ: ತಿಳಿಯದ ಭಾಷೆಯಲ್ಲಿ ಮಾತಾಡಿದರೆ, ರೇಟಿನ ಬಗ್ಗೆಯೇ ಗುಸುಗುಸು ಎಂದು ಗಿರಾಕಿಗೆ ಅನುಮಾನ ಬರುತ್ತದಂತೆ.

ಬಳೆ ತೊಡಿಸುವುದು ಹೆಬ್ಬೆರಳ ಬುಡದ ಎಲುಬಿನ ಜೊತೆಗಿನ ಜಗಳ. ಬಳೆ ಅಲ್ಲಿಗೆ ಬಂದ ಕೂಡಲೇ ಕೈ ತಾನಾಗಿ ಬಿಗಿಯುತ್ತದೆ. ಆಗ ಅಮ್ಮಿ ಬಳೆಯ ಮಾತೇ ಎತ್ತುವುದಿಲ್ಲ. "ಮಗಳಿಗೆ ಎಲ್ಲಿ ಕೊಟ್ಟೀರಿ ಅಕ್ಕಾರ? ಅಳಿಯಾ ಮಾತ ಕೇಳ್ತಾನೋ ಇಲ್ಲೋ?" ಎನ್ನುತ್ತಾಳೆ. ಅಳಿಯನ ದೂರು ಶುರುವಾಗುವಷ್ಟರಲ್ಲಿ ಬಳೆ ಮಣಿಕಟ್ಟಿನಲ್ಲಿರುತ್ತದೆ. ಚಿಕ್ಕಂದಿನಲ್ಲಿ ನಾನು ಒಬ್ಬ ಹೆಂಗಸಿಗೆ ಕೈ ಸಡಿಲ ಬಿಡ್ರಿ ಎಂದಿದ್ದೆ. ಅಮ್ಮಿ ಆಮೇಲೆ ಹೇಳಿದಳು: "ಸಡ್ಲ ಬಿಡ್ರಿ ಅಂದ್ರ ಯಾರ ಕೈನೂ ಸಡ್ಲ ಆಗಂಗಿಲ್ಲ ಬೇಟಿ. ಕೈ ಮರೀಬೇಕು, ಬಾಯಿ ಹೇಳ್ಬೇಕು."

ಆ ಭಾನುವಾರ ಒಬ್ಬ ಮರಾಠಿ ಹೆಂಗಸು ತನ್ನ ಸೊಸೆಯನ್ನು ನಮ್ಮ ಹಲಗೆಯ ಮುಂದೆ ಕೂರಿಸಿ, ಇವಳಿಗೆ ಹಸಿರು ಬಳೆ ಹಾಕಿರಿ, ಕಾಯಿ ತರುತ್ತೇನೆ ಎಂದು ಹೋದಳು. ಸೊಸೆ ಮದ್ರಾಸಿನ ಕಡೆಯವಳು. ಅಮ್ಮಿ ಮರಾಠಿ ಆಡಿದಳು, ಉರ್ದು ಆಡಿದಳು, ತೆಲುಗನ್ನೂ ಹರಿಯಬಿಟ್ಟಳು. ಆಕೆ ಎಲ್ಲಕ್ಕೂ ನಗುತ್ತಾ ಇಂಗ್ಲಿಷಿನಲ್ಲಿ ಕ್ಷಮಿಸಿ ಎನ್ನುತ್ತಿದ್ದಳು. ಕೈ ಮಾತ್ರ ಕಟ್ಟಿಗೆಯಂತೆ ಬಿಗಿದಿತ್ತು. ಅಮ್ಮಿಯ ವಿದ್ಯೆ ಪೂರ್ತಿ ನಿಂತಿದ್ದದ್ದೇ ಮಾತಿನ ಮೇಲೆ. ಮಾತು ದಾಟದಿದ್ದರೆ ಬಳೆಯೂ ದಾಟದು.

"ಹಸರ ಬಳಿ ಇಲ್ಲೆ ಕಡಿಮಿ ಅದಾವು. ಬಾಜೂ ಅಂಗಡ್ಯಾಗ ಇಸ್ಕೊಂಡ ಬರ್ತೇನಿ. ನೀ ಇವ್ರ ಕೈ ನೋಡ" ಎಂದು ಎದ್ದೇಬಿಟ್ಟಳು.

"ಅಮ್ಮೀ, ನಾ ಏನ್ ಮಾತಾಡ್ಲಿ?"

"ಕಾಲೇಜಿಗೆ ಹೋಗಾಕಿ ನೀನೋ ನಾನೋ?"

ಹಲಗೆಯ ಮೇಲಿದ್ದ ಹಸಿರು ಬಳೆಗಳಲ್ಲಿ ಒಂದನ್ನು ತೆಗೆದು ಆಕೆಯ ಕೈ ಹಿಡಿದೆ. ಬಳೆ ಎಲುಬಿನವರೆಗೆ ಹೋಯಿತು. ಚಿಟ್ ಎಂದಿತು. ಎರಡು ಚೂರು.

ಒಡೆಯಿತು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬಳೆಗಾರರ ಹಲಗೆಯ ಮೇಲೆ ಕೂತು, ಗಂಡ ಇರುವ ಹೆಂಗಸಿನ ಕೈ ಹಿಡಿದು, ಬಳೆಯ ಬಗ್ಗೆ ಆ ಮಾತನ್ನು ಯಾವ ಭಾಷೆಯಲ್ಲೂ ಆಡುವುದಿಲ್ಲ. ಅಪಶಕುನ. ನಾನು ಶಕುನ ನಂಬುವವಳಲ್ಲ. ಅದರ ವಿರುದ್ಧ ಕನ್ನಡದಲ್ಲಿ ಭಾಷಣ ಮಾಡಿ ಬಹುಮಾನ ತಂದವಳು. ಆದರೂ ನಾಲಿಗೆ ಏಳಲಿಲ್ಲ. ಆಕೆ ಚೂರುಗಳನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಬೈಯುತ್ತೇನೆಂದುಕೊಂಡಳೋ ಏನೋ, ಹೆದರಿದಂತಿತ್ತು. ಹೆದರಿದ್ದು ನಾನೊಬ್ಬಳೇ ಅಲ್ಲ ಎನ್ನುವುದೇ ಒಂದು ಬಿಡುಗಡೆ.

"ಇದಕ್ಕೆ ಒಂದು ಪದ ಇದೆ. ಅದನ್ನು ನಾವು ಇಲ್ಲಿ ಆಡುವುದಿಲ್ಲ" ಎಂದೆ. ಇಂಗ್ಲಿಷಿನಲ್ಲಿ.

"ಯಾಕೆ?" ಆಕೆಯೂ ಇಂಗ್ಲಿಷಿನಲ್ಲೇ.

ಯಾಕೆ ಎಂದು ಯಾರಾದರೂ ಕೇಳಿದರೆ ನಾನು ಸುಮ್ಮನಿದ್ದದ್ದು ಹುಟ್ಟಿದಾರಭ್ಯ ಇಲ್ಲ. ಹೇಳತೊಡಗಿದೆ. ಕ್ರಿಯಾಪದದ ಕಾಲ ತಪ್ಪಿತು, ಪದ ಸಿಗದ ಕಡೆ ಕೈಸನ್ನೆ ಮಾಡಿದೆ, ನಮ್ಮಲ್ಲಿ ಹಾಕುವಾಗ ಹೀಗಾದ ಬಳೆಯ ನಷ್ಟ ಬಳೆಗಾರರದೇ, ನಿಮ್ಮ ತಪ್ಪಲ್ಲ ಎಂದೂ ವಿವರಿಸಿದೆ. ಆಕೆ ನಕ್ಕು, ತನ್ನ ಅಜ್ಜಿಯೂ ಹೀಗೇ, ದೀಪ ಆರಿತು ಎನ್ನಲು ಬಿಡುವುದಿಲ್ಲ ಎಂದು ಶುರುಮಾಡಿದಳು. ಆಕೆಯ ಇಂಗ್ಲಿಷಿನಲ್ಲೂ ಅಲ್ಲಲ್ಲಿ ತಪ್ಪಿದ್ದವು, ಕೇಳಿ ಖುಷಿಯಾಯಿತು. ಅತ್ತೆ ಹೇಗೆ ಎಂದು ಕೇಳಿದೆ. ಅಜ್ಜಿಗಿಂತ ಅತ್ತೆಯ ಕಥೆ ಉದ್ದವಿತ್ತು. ನಡುವೆ ಎಲ್ಲೋ ಅವಳ ಕೈ ಮರೆಯಿತು. ಎಂಟು ಬಳೆ ಮಣಿಕಟ್ಟಿಗೆ ಹೋದವು.

ಅಮ್ಮಿ ಬಂದದ್ದು ಅದಾದ ಮೇಲೆ, ಬರಿಗೈಯಲ್ಲಿ. "ಆತೇನ? ಚಲೋ ಆತ" ಅಂದಳು, ಅಷ್ಟೇ. ಸಂಜೆ ಅಂಗಡಿ ಎತ್ತುವಾಗ ಹಲಗೆಯ ಕೆಳಗೆ ತುಂಬಿದ ಡಬ್ಬಿಯೊಂದು ಸಿಕ್ಕಿತು. ಒಳಗೆಲ್ಲ ಹಸಿರು ಬಳೆ. ಅವಸರದಲ್ಲಿ ನೋಡಿರಲಿಕ್ಕಿಲ್ಲ ಎಂದುಕೊಂಡೆ.

ಸೋಮವಾರ ಹೆಸರು ಹೊಡೆಸಲಿಲ್ಲ.

ಕಿತ್ತೂರಿನಲ್ಲಿ ಬಾಯಿಪಾಠ ಅರ್ಧಕ್ಕೆ ಕೈಕೊಟ್ಟಿತು. ಆಮೇಲೆ ಎದುರಿನ ಹುಡುಗ ಸರ್ ಕೇಳಿದ ಪ್ರಶ್ನೆಯನ್ನೇ ಕೇಳಿದ: ನಿಮ್ಮ ತಾಯಿಗೆ ಇಂಗ್ಲಿಷ್ ಬರುತ್ತದೆಯೇ, ಅವರು ಬದುಕಲಿಲ್ಲವೇ? ನಾನು ಅಂಗಡಿಯ ಕಥೆ ಹೇಳಿದೆ. ನಮ್ಮ ತಾಯಿಗೆ ನಾಲ್ಕು ಭಾಷೆ, ಒಂದರಲ್ಲೂ ಅಂಕವಿಲ್ಲ. ಐದನೆಯದಕ್ಕೂ ಅಂಕ ಕೊಡದೆ ಕಲಿಸಿ ನೋಡಿ ಎಂದೆ. ಅದು ನನ್ನ ಪಕ್ಷಕ್ಕೆ ಲಾಭವೋ ನಷ್ಟವೋ ಎಂದು ಲೆಕ್ಕ ಹಾಕಲಿಲ್ಲ. ಬಹುಮಾನ ಬರಲಿಲ್ಲ. ಕಥೆಯ ಈ ಭಾಗವನ್ನು ಸರ್ ವೇದಿಕೆಯಲ್ಲಿ ಹೇಳುವುದಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಸರ್, "ಅವತ್ತ ನಾ ಇಲಿ ಅಂದಿದ್ದ ಚಲೋ ಆತ ನೋಡವಾ" ಅಂದರು.

"ಸರ್, ನೀವು ಎಷ್ಟೋ ಮಂದಿಗೆ ಅಂದೀರಿ. ಅವ್ರ್ಯಾರೂ ಈ ಬಸ್ಸಿನ್ಯಾಗ ಇಲ್ಲಲ್ರಿ?"

"ವಾದ ಬಿಡಂಗಿಲ್ಲ ನೋಡ ನೀ" ಎಂದು ನಕ್ಕು, ತಮ್ಮ ಕೈಯಲ್ಲಿದ್ದ ಶೇಂಗಾದ ಪೊಟ್ಟಣ ನನ್ನತ್ತ ಚಾಚಿದರು.

ಈಗ ರಾಮದುರ್ಗದ ಹೈಸ್ಕೂಲೊಂದರಲ್ಲಿ ನಾನೇ ಇಂಗ್ಲಿಷ್ ಟೀಚರು. ಅಂಜಬೇಡಿ ಎಂಬ ಮಾತನ್ನು ಕ್ಲಾಸಿನಲ್ಲಿ ಆಡುವುದಿಲ್ಲ. ಕಿತ್ತೂರಿನ ಕೋಟೆ ದೊಡ್ಡದೋ ತೊರಗಲ್ಲಿನ ಕೋಟೆ ದೊಡ್ಡದೋ ಎಂದು ಕೇಳಿ ಬಿಟ್ಟುಬಿಡುತ್ತೇನೆ. ಮೊದಲ ಎರಡು ನಿಮಿಷ ಕನ್ನಡದಲ್ಲಿ ಯುದ್ಧ. ಇಂಗ್ಲಿಷಿನಲ್ಲಿ ಹೇಳಿದ್ದಷ್ಟೇ ಲೆಕ್ಕ ಎಂದ ಮೇಲೆ ಮುರುಕು ಇಂಗ್ಲಿಷಿನಲ್ಲಿ ಯುದ್ಧ. ತೊರಗಲ್ಲಿನಿಂದ ಬರುವ ಹುಡುಗಿಯೊಬ್ಬಳು ಜೂನ್ ಇಡೀ ಬಾಯಿ ಬಿಟ್ಟಿರಲಿಲ್ಲ. ಕೋಟೆಯ ಜಗಳದ ದಿನ ಬೆಂಚು ಗುದ್ದಿ ಎದ್ದು, ನಮ್ಮ ಕೋಟೆ ಗುಡ್ಡದ ಮೇಲಿದೆ, ನಿಮ್ಮದು ಎಲ್ಲಿದೆ ಎಂದು ಇಂಗ್ಲಿಷಿನಲ್ಲೇ ಕೇಳಿದಳು. ವಾಕ್ಯ ನೆಟ್ಟಗಿರಲಿಲ್ಲ. ಎದುರು ಪಕ್ಷದ ಹುಡುಗರು ಒಟ್ಟಿಗೆ ಎದ್ದರು.

ಕಳೆದ ರಜೆಯಲ್ಲಿ ಅಂಗಡಿಗೆ ಹೋದಾಗ ಆ ಭಾನುವಾರ ಮತ್ತೆ ನೆನಪಾಯಿತು. ಒಂದೂ ಹಸಿರು ಬಳೆ ತರದೆ ಬಂದ ಅಮ್ಮಿ, ನಾನು ಎಂಟು ಬಳೆ ತೊಡಿಸುವಷ್ಟು ಹೊತ್ತು ಎಲ್ಲಿದ್ದಳು? ಬೈಗುಳದ ಕಥೆಯನ್ನು ಒಪ್ಪದವಳು, ಅಮ್ಮಿ ಬೇಕೆಂದೇ ಎದ್ದು ಹೋದಳು ಎಂಬ ಈ ಕಥೆಯನ್ನಾದರೂ ಸಾಕ್ಷಿ ಇಲ್ಲದೆ ಹೇಗೆ ಒಪ್ಪಲಿ? ಅಮ್ಮಿ ಬಳೆಗಳನ್ನು ಅಳತೆ ನೋಡಿ ದಾರಕ್ಕೆ ಪೋಣಿಸುತ್ತಿದ್ದಳು. ಎದುರಿಗೆ ಕೂತು ಕೇಳಿದೆ:

"ಅಮ್ಮೀ, ಹಸರ ಬಳಿ ಡಬ್ಬಿ ಹಲಗಿ ಕೆಳಗ ಐತಿ ಅಂತ ನಿನಗ ಗೊತ್ತಿತ್ತ ಹೌದಲ್ಲ? ಮತ್ತ ಅವತ್ತ ನೀ ಎದ್ದ ಹೋಗಿದ್ದು ಏನ್ ತರಾಕ?"