ನಾಲ್ಕನೇ ನಂಬರಿನ ಮುಖ

ನಮ್ಮಕ್ಕ ಶುದ್ಧ ಪುಕ್ಕಲಿ. ಬಾಗಿಲಿಗೆ ಚಿಲಕ ಹಾಕಿದ ಮೇಲೂ ಎದ್ದು ಹೋಗಿ ಜಗ್ಗಿ ನೋಡುವವಳು. ಬೀದಿಯಲ್ಲಿ ಹಿಂದಿನಿಂದ ಯಾರಾದರೂ ಬಿರುಸಾಗಿ ನಡೆದು ಬಂದರೆ ಪಕ್ಕದ ಅಂಗಡಿಗೆ ನುಗ್ಗಿ, ಬೇಡದ ಸೋಪು ಕೊಂಡು ತರುವವಳು. ಇಂಥವಳು ಆಸ್ಪತ್ರೆಯ ಕೌಂಟರಿನ ಕೆಲಸ ಬಿಟ್ಟು, ಮೂವತ್ತು ದಾಟಿದ ಮೇಲೆ, ಯೂನಿವರ್ಸಿಟಿ ಸೇರಿ ಅಪರಾಧಶಾಸ್ತ್ರ ಓದುತ್ತೇನೆ ಎಂದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

“ಯಾವುದಕ್ಕೆ ಹೆದರ್ತೀನಿ ಅಂತ ತಿಳ್ಕೊಂಡ್ರೆ ಹೆದರಿಕೆ ಕಮ್ಮಿ ಆಗ್ಬಹುದು ಕಣೆ,” ಎಂದಳು. ಕಮ್ಮಿಯಾಗಲಿಲ್ಲ. ಊಟಕ್ಕೆ ಕೂತಾಗ ಬೀಗ ಒಡೆಯುವ ಬಗೆಗಳನ್ನೆಲ್ಲ ವರ್ಣಿಸಿ ನನ್ನ ನಿದ್ದೆಯನ್ನೂ ಕೆಡಿಸಿದಳು.

ಒಂದು ದಿನ ಅವರ ಮೇಷ್ಟ್ರು ತರಗತಿಯಲ್ಲೇ ಗುರುತು ಪತ್ತೆ ಪರೇಡ್ ನಡೆಸಿದರು. ಪಾಠದ ನಡುವೆ ಯಾರೋ ಒಳನುಗ್ಗಿ ಅವರ ಚೀಲ ಕಿತ್ತುಕೊಂಡು ಓಡಿದ. ಅದು ಅವರೇ ಹೂಡಿದ ನಾಟಕ. ಆಮೇಲೆ ಆರು ಗಂಡಸರ ಎದೆಗೆ ನಂಬರ್ ಅಂಟಿಸಿ, ಸಾಲಾಗಿ ನಿಲ್ಲಿಸಿ, ಕಳ್ಳ ಯಾರು ಎಂದು ಕೇಳಿದರು. ಅಕ್ಕನೂ ಸೇರಿ ಅರ್ಧ ತರಗತಿ ನಾಲ್ಕನೆಯವನನ್ನು ತೋರಿಸಿತು. ಅವನು ಆ ವಾರವಷ್ಟೇ ಕ್ಯಾಂಟೀನಿಗೆ ಸೇರಿದ್ದ ಟೀ ಮಾಡುವವ. ಸಾಲು ತುಂಬಿಸಲೆಂದು ಕರೆತಂದಿದ್ದರು. ಎಲ್ಲರೂ ನಕ್ಕರು, ಅವನೂ ನಕ್ಕು ಬಿರಬಿರನೆ ಹೊರನಡೆದ. ಕಣ್ಣಾರೆ ಕಂಡದ್ದನ್ನೂ ನಂಬಬಾರದು ಎಂಬುದೇ ಅಂದಿನ ಪಾಠ.

ಕೆಲವು ದಿನ ಕಳೆದು, ಒಂದು ಸಂಜೆ, ಲೈಬ್ರರಿಯ ಮೆಟ್ಟಿಲ ಮೇಲೆ ಯಾರೋ ಲೈಬ್ರರಿಯನ್ನರನ್ನು ತಳ್ಳಿ ಬ್ಯಾಗು ಕಸಿದು ಓಡಿದ. ಈ ಸಲ ನಾಟಕವಲ್ಲ. ಅವರಿಗೆ ತಲೆಗೆ ಪೆಟ್ಟು, ಪ್ರಜ್ಞೆಯಿಲ್ಲ. ಓಡಿದವನ ಮುಖ ಒಂದು ಕ್ಷಣ ಕಂಡದ್ದು ಅಕ್ಕನಿಗೆ ಮಾತ್ರ. ಪೊಲೀಸರು ಕೇಳಿದಾಗ ತಡವರಿಸದೆ ಹೇಳಿದಳು: ಕ್ಯಾಂಟೀನಿನ ಟೀ ಮಾಡುವವ. ಆಗಲೇ ಹೋಗಿ ಅವನನ್ನು ಹಿಡಿದು ತಂದರು.

ಮರುದಿನ ನನ್ನ ಹೊಲಿಗೆ ಅಂಗಡಿಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

“ಅವನ ಮುಖ ಮತ್ತೆ ನೆನಪು ಮಾಡ್ಕೊಂಡೆ ಕಣೆ. ಓಡ್ತಿದಾನೆ. ಎದೆ ಮೇಲೆ ನಾಲ್ಕು ಅಂತ ಇದೆ.”

“ಏನು ನಾಲ್ಕು?”

“ನಂಬರು. ಕ್ಲಾಸಲ್ಲಿ ಅಂಟಿಸಿದ್ದು. ಓಡೋ ಕಳ್ಳನ ಎದೆ ಮೇಲೆ ಅದು ಯಾಕಿರುತ್ತೆ?”

ಕೈಲಿದ್ದ ಕತ್ತರಿ ಕೆಳಗಿಟ್ಟೆ. ಅಕ್ಕ ತರಗತಿಯಲ್ಲಿ ಕಂಡ ಮುಖವನ್ನು ಮೆಟ್ಟಿಲ ಮೇಲಿದ್ದವನಿಗೆ ಅಂಟಿಸಿ ಒಬ್ಬನನ್ನು ಲಾಕಪ್ಪಿಗೆ ಕಳಿಸಿದ್ದಳು.

ಹೇಳಿಕೆ ತಿದ್ದಲು ಠಾಣೆಗೆ ಹೊರಟೆವು. ದಾರಿಯುದ್ದಕ್ಕೂ ಅಕ್ಕ ನನ್ನ ತೋಳು ಬಿಡಲಿಲ್ಲ. “ಸುಳ್ಳು ಹೇಳಿಕೆ ಅಂತ ನನ್ನನ್ನೇ ಒಳಗೆ ಹಾಕಿದ್ರೆ? ಯೂನಿವರ್ಸಿಟಿಯಿಂದ ತೆಗೆದ್ರೆ?” ನನಗೂ ಭಯವಿತ್ತು. ಇಬ್ಬರೂ ನಡುಗುತ್ತ ಕೂತರೆ ಕೆಲಸ ಕೆಟ್ಟಿತೆಂದು ಅವಳನ್ನು ಗದರಿಸಿದೆ.

ಟೀ ಮಾಡುವವ ಇನ್ಸ್‌ಪೆಕ್ಟರ ಮೇಜಿನ ಪಕ್ಕ ನೆಲದ ಮೇಲೆ ಕೂತಿದ್ದ. ಅಕ್ಕನನ್ನು ಕಂಡವನೇ ಎದ್ದು ಕೈಮುಗಿದ. “ನಾನಲ್ಲ ಅಂತ ಹೇಳಿ ಮೇಡಂ. ನೀವು ಹೇಳಿದ್ರೆ ಬಿಡ್ತಾರೆ.”

ಅಕ್ಕ ನಂಬರಿನ ವಿಷಯ ತೊದಲುತ್ತ ಹೇಳಿದಳು. ಇನ್ಸ್‌ಪೆಕ್ಟರು ಕೇಳಿದರು, “ಹಾಗಾದ್ರೆ ಇವನಲ್ಲ ಅಂತೀರಾ?”

ಹೂಂ ಅಂದುಬಿಡು ಎಂದು ನಾನು ಬೆನ್ನಿಗೆ ತಿವಿದೆ. ಅಕ್ಕ ಅವನ ಮುಖವನ್ನೇ ದಿಟ್ಟಿಸಿದಳು.

“ಗೊತ್ತಿಲ್ಲ ಸರ್. ಇವರೇ ಅಂತಾನೂ ಹೇಳಕ್ಕಾಗಲ್ಲ, ಅಲ್ಲ ಅಂತಾನೂ ಹೇಳಕ್ಕಾಗಲ್ಲ.”

ಇನ್ಸ್‌ಪೆಕ್ಟರು ನಮ್ಮಿಬ್ಬರಿಗೂ ಚೆನ್ನಾಗಿ ಬೈದರು. ಬೇರೆ ಸಾಕ್ಷಿಯಿಲ್ಲದೆ ಸಂಜೆ ಅವನನ್ನು ಬಿಟ್ಟರು. ಕ್ಯಾಂಟೀನಿನವರು ಮಾತ್ರ ಕೆಲಸಕ್ಕೆ ಬರಬೇಡ ಎಂದರು. ನೋಡಿದವಳೇ ‘ಇವನಲ್ಲ’ ಅನ್ನಲಿಲ್ಲವಲ್ಲ ಎಂಬುದು ಅವರ ಲೆಕ್ಕ.

ಒಂದು ದಿನ ಅವನು ಯೂನಿವರ್ಸಿಟಿ ಗೇಟಿನ ಹತ್ತಿರ ನಮ್ಮೆದುರು ನಿಂತ. ದನಿ ಏರಿಸಲಿಲ್ಲ. “ಒಂದೇ ಒಂದು ಮಾತು ಮೇಡಂ. ಅಷ್ಟು ಹೇಳಿದ್ರೆ ಸಾಕಿತ್ತು.” ಅಕ್ಕ ಉತ್ತರಿಸುವ ಮೊದಲೇ ತಿರುಗಿ ಬಿರಬಿರನೆ ಹೊರಟುಹೋದ.

ಅಕ್ಕ ಅವನ ಬೆನ್ನನ್ನೇ ನೋಡುತ್ತಿದ್ದಳು. ನನ್ನ ತೋಳಿನ ಮೇಲೆ ಅವಳ ಬೆರಳುಗಳು ಬಿಗಿಯಾದವು.

“ಈ ನಡಿಗೆ ನೋಡಿದೀನಿ ಕಣೆ,” ಎಂದಳು. “ಕ್ಲಾಸಲ್ಲೋ, ಮೆಟ್ಟಿಲ ಮೇಲೋ, ಗೊತ್ತಾಗ್ತಿಲ್ಲ.”