ಬೊಂಡದಂತೆ ಕೆತ್ತಿದ ವೈನ್ ಬಾಟ್ಲಿ

ಅಂದು ಬೆಳಿಗ್ಗೆಯೂ ಎಂದಿನಂತೆ ಮೀಯಿಸುವ ಹೆಂಗಸು ಬಂದು ನನ್ನ ಬೆನ್ನಿಗೆ ತೆಂಗಿನೆಣ್ಣೆ ತಿಕ್ಕಿ, ಹಂಡೆಯ ಬಿಸಿನೀರನ್ನು ಚೆಂಬು ಚೆಂಬಾಗಿ ಹೊಯ್ದಳು. ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದಳು. ಆಮೇಲೆ ಕರಿಮೆಣಸಿನ ಕಷಾಯ, ಮೆತ್ತಗಿನ ಅನ್ನ, ಮತ್ತೆ ಮಲಗುವುದು. ಹೆರಿಗೆಯಾಗಿ ಎಂಟು ದಿನಗಳಿಂದ ನನ್ನ ಬೆಳಗು ಇಷ್ಟೇ. ಅಂದು ಮಾತ್ರ ಮಗಳಿಗೆ ಜ್ಞಾನಸ್ನಾನವೆಂದು ನಾನೇ ಹೆಣೆದ ಬಿಳಿ ಟೊಪ್ಪಿ ಹಾಕಿದೆ. ಮನೆಯವರು ಅವಳನ್ನು ಎತ್ತಿಕೊಂಡು ಇಗರ್ಜಿಗೆ ಹೊರಟರು. ಆಗೆಲ್ಲ ಬಾಣಂತಿ ನಲವತ್ತು ದಿನ ಇಗರ್ಜಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ಮಗುವಿಗೆ ಹೆಸರಿಡುವುದನ್ನು ಹೆತ್ತವಳೊಬ್ಬಳನ್ನು ಬಿಟ್ಟು ಎಲ್ಲರೂ ನೋಡುತ್ತಿದ್ದರು.

ನನ್ನ ಪಾಲಿಗೆ ಇದ್ದದ್ದು, ಅವರು ಮರಳಿದ ಮೇಲೆ ಮಗುವಿನ ಹೆಸರು ಹೇಳಿ ಎಲ್ಲರೂ ಕುಡಿಯುವ ಒಂದು ಗುಟುಕು ವೈನ್. ಆ ಬಾಟ್ಲಿ ನನ್ನ ಅಪ್ಪ ತಂದದ್ದು. ಹಡಗಿನಲ್ಲಿ ಅಡುಗೆಯವರಾಗಿದ್ದ ಅವರು ಹಿಂದಿನ ಕ್ರಿಸ್ಮಸ್ಸಿಗೆ ಬಂದಾಗ, "ಹುಟ್ಟುವ ಮಗುವಿಗೆ" ಎಂದು ಅದನ್ನು ತಮ್ಮ ಹಳೆಯ ಬನಿಯನಿನಲ್ಲಿ ಸುತ್ತಿ ನನ್ನ ಪೆಟ್ಟಿಗೆಯಲ್ಲಿಟ್ಟಿದ್ದರು. ಮಳೆಗಾಲಕ್ಕೆ ಮೊದಲೇ ತೀರಿಕೊಂಡರು.

ಬಿರಡೆ ತೆಗೆಯುವ ತಿರುಪು ನಮ್ಮಲ್ಲಿರಲಿಲ್ಲ. ಕುಂಜತ್ತೂರಿನ ಆಸುಪಾಸಿನಲ್ಲಿ ಅದು ಇದ್ದದ್ದು ಪಾದ್ರಿಗಳ ಬಳಿ ಮಾತ್ರ. ಕೇಳಿ ತನ್ನಿ ಎಂದು ಗಂಡನಿಗೆ ಎರಡು ಸಲ ಹೇಳಿದ್ದೆ. ಬರಿಗೈಯಲ್ಲಿ ಬಂದರು.

"ಪಾದ್ರಿಗಳ ಹತ್ತಿರ ಅದನ್ನು ಕೇಳುವುದು ಹೇಗೆ ಮಾರಾಯ್ತಿ? ಕುಡುಕ ಅಂತ ತಿಳ್ಕೊಂಡಾರು."

ಪಾದ್ರಿಗಳು ಪೂಜೆಯ ವೈನಿನ ಬಾಟ್ಲಿ ತೆರೆಯುವುದು ಅದೇ ತಿರುಪಿನಿಂದ ಎಂಬುದು ಇವರಿಗೆ ಹೊಳೆದಿರಲಿಲ್ಲ.

ನನಗೆ ತಿರುಪು ಬೇಕಾಗಿಯೂ ಇರಲಿಲ್ಲ. ಕಾನ್ವೆಂಟಿನಲ್ಲಿ ಮುದಿ ಸಿಸ್ಟರೊಬ್ಬರು ತಿರುಪು ಮುರಿದ ದಿನ ನನ್ನ ಕಣ್ಣೆದುರೇ ಬಾಟ್ಲಿ ತೆರೆದಿದ್ದರು. ಸೌಟಿನ ಹಿಡಿಯಿಂದ ಬಿರಡೆಯನ್ನು ಮೆಲ್ಲಗೆ ಒಳಕ್ಕೆ ತಳ್ಳಿ, ತುದಿಗೆ ದಪ್ಪ ಗಂಟು ಹಾಕಿದ ದಾರವನ್ನು ಇಳಿಬಿಟ್ಟು, ಬಾಟ್ಲಿ ಓರೆ ಮಾಡಿ, ಬಿರಡೆ ಗಂಟಿನ ಮೇಲೆ ಕೂತೊಡನೆ ಎಳೆದರು. ಅದು ಹಾಗೇ ಜಾರಿ ಬಂತು. ನಾನು ಟೊಪ್ಪಿ ಹೆಣೆದ ಕ್ರೋಶದ ದಾರವನ್ನು ನಾಲ್ಕು ಎಳೆ ಮಾಡಿ, ಗಂಟು ಹಾಕಿ, ತಲೆದಿಂಬಿನ ಪಕ್ಕ ಸಿದ್ಧವಾಗಿಟ್ಟುಕೊಂಡಿದ್ದೆ.

"ಬಾಟ್ಲಿ ಇಲ್ಲಿ ಕೊಡಿ, ನಾನು ತೆಗಿತೇನೆ," ಎಂದು, ಇಗರ್ಜಿಯಿಂದ ಮರಳಿ ಎಲ್ಲರೂ ಜಗಲಿಯಲ್ಲಿ ಸೇರಿದಾಗ, ಕೋಣೆಯ ಬಾಗಿಲಿನಿಂದ ಹೇಳಿದೆ.

ಅತ್ತೆ ತಿರುಗಿ ನೋಡಿದರು. "ಬಾಣಂತಿ ಗಾಳಿಗೆ ನಿಲ್ಲುವುದಾ? ಒಳಗೆ ಹೋಗು. ಗಂಡಸರಿದ್ದಾರಲ್ಲ."

ಗಂಡಸರು ಇದ್ದರು. ಗಂಡ ಮೊದಲು ಪೇನಾಕತ್ತಿಯಿಂದ ಬಿರಡೆಯ ಮೇಲ್ಭಾಗವನ್ನು ಪುಡಿ ಮಾಡಿದರು. ಆಮೇಲೆ ಮೈದುನ ಎಳನೀರಿನ ಬೊಂಡ ಕೆತ್ತುವ ಕತ್ತಿ ಹಿಡಿದುಕೊಂಡು ಬಂದ.

"ದಿನಕ್ಕೆ ಹತ್ತು ಬೊಂಡ ಕೆತ್ತುವವನಿಗೆ ಇದು ಎಂತದ್ದು ಅತ್ತಿಗೆ? ಒಂದೇ ಪೆಟ್ಟು."

"ಅದು ಗಾಜು," ಎಂದೆ. "ದಾರ ಉಂಟು ನನ್ನ ಹತ್ತಿರ, ನೋಡಿ."

"ದಾರದಲ್ಲಿ ಬಾಟ್ಲಿ ತೆಗಿಲಿಕ್ಕೆ ಅದು ಎಂತ ದನವಾ, ಕಟ್ಟಿ ಎಳಿಲಿಕ್ಕೆ?" ಎಂದ. ಎಲ್ಲರೂ ನಕ್ಕರು. ಗಂಡನೂ ನಕ್ಕರು.

ಒಂದೇ ಪೆಟ್ಟು. ಬಾಟ್ಲಿಯ ಕೊರಳು ಹೋಯಿತು, ಹೆಗಲಿನಿಂದ ನಡುವಿನವರೆಗೆ ಸೀಳು ಬಿತ್ತು. ಅಪ್ಪನ ವೈನು ಜಗಲಿಯ ಮೇಲೆ ಹರಿದು ಮೈದುನನ ಕಾಲಬೆರಳುಗಳ ನಡುವೆ ನಿಂತಿತು. ಅಡಿಯಲ್ಲಿ ಉಳಿದದ್ದನ್ನು ಬಟ್ಟೆಯಲ್ಲಿ ಸೋಸುವ ಎಂದರು ಗಂಡ. ಗಾಜಿನ ಹುಡಿ ಹೊಟ್ಟೆಗೆ ಹೋದರೆ ಎಂದು ಅತ್ತೆ ಅದನ್ನೂ ಬಾಳೆಯ ಬುಡಕ್ಕೆ ಚೆಲ್ಲಿಸಿದರು. ಲಿಂಬೆ ಶರಬತ್ತು ಮಾಡಿ ಮಗುವಿನ ಹೆಸರು ಹೇಳಿದರು. ನನಗೊಂದು ಲೋಟ ಒಳಗೆ ಬಂತು. ಮುಟ್ಟಲಿಲ್ಲ. ಬಾಣಂತಿಗೆ ಸಿಟ್ಟು ಒಳ್ಳೆಯದಲ್ಲ, ಹಾಲು ಕೆಡುತ್ತದೆ ಎಂದು ಅತ್ತೆ ಬಾಗಿಲಲ್ಲಿ ನಿಂತು ಹೇಳಿ ಹೋದರು. ಇಷ್ಟು ವರ್ಷ ಕಳೆದರೂ ಆ ನಗು ಮರೆತಿಲ್ಲ. ಗಂಡಸರಿಗೆ ಬೇಕಾದದ್ದು ವೈನಲ್ಲ, ತೆರೆದವರು ತಾವು ಎಂಬುದು.

ಸಂಜೆ ನೆರೆಮನೆಯ ತುಳು ಹೆಂಗಸು ಮಗುವನ್ನು ನೋಡಲು ಬಂದಳು. ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆಯನ್ನು ಹಾಸಿಗೆಯ ಮೇಲಿಟ್ಟು, ಜಗಲಿಯ ಕಲೆಯ ಬಗ್ಗೆ ಕೇಳಿದಳು. ಎಲ್ಲವನ್ನೂ ಹೇಳಿದೆ. ಅವಳು ಮಗುವಿನ ಟೊಪ್ಪಿ ಸರಿಮಾಡುತ್ತಾ ಕೇಳಿಸಿಕೊಂಡು, ಎದ್ದಳು.

"ನಿಮ್ಮ ಕೈಯಲ್ಲಿ ಒಡೆದು ಹೋಗ್ಲಿಲ್ಲ ಅಲ್ವಾ ಬಾಯಮ್ಮ, ಮತ್ತೆಂತ. ಒಡೆದಿದ್ರೆ ಈ ಹುಡುಗಿಗೆ ಮದುವೆ ಆಗುವವರೆಗೂ ಇವರೆಲ್ಲ ಅದನ್ನೇ ಹೇಳ್ತಿದ್ರು."