ಅತ್ತಿಗೆ ಚಕ್ಕುಬಂದಿ ಓದಿದ್ದು

ಕಳೆದ ಮೇ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ, ಗಡಿಯಾಚೆ ತಮಿಳು ಸೀಮೆಯಲ್ಲಿರುವ ನಾಟ್ರಾಂಪಾಳ್ಯದ ನಮ್ಮ ಜಮೀನಿನ ವಿಭಾಗಪತ್ರಕ್ಕೆ ಸಹಿ ಹಾಕಲು ನನ್ನ ಅತ್ತಿಗೆ ಒಪ್ಪಲಿಲ್ಲ. ಇನ್ನೂ ಓದಿ ಮುಗಿದಿಲ್ಲ ಎಂದರು.

ಅಣ್ಣ ತೀರಿಕೊಂಡ ಮೇಲೆ ಜಮೀನು ಎರಡು ಪಾಲಾಗಿತ್ತು. ಮೇಲಿನ ಹೊಲ ಅತ್ತಿಗೆಗೆ, ಬಾವಿಯಿರುವ ಕೆಳಗಿನ ಹೊಲ ನನಗೆ. ಬಾವಿ ನೀರು ಇಬ್ಬರಿಗೂ ಸೇರಿದ್ದು. ಅಲ್ಲಿಗೆ ಹೋಗಲು ನನ್ನ ಹೊಲದ ಬದುವಿನ ಮೇಲೆ ಅವರಿಗೆ ದಾರಿ ಎಂದು ಮಾತಾಗಿತ್ತು. ಅವರ ಹೊಲಕ್ಕೆ ಬೇರೆ ನೀರಿಲ್ಲ.

ನಮ್ಮ ಕಡೆ ಪತ್ರ ಓದಿ ಹೇಳುವ ಪದ್ಧತಿಯೊಂದಿದೆ. ಪತ್ರ ಬರೆಯುವವನು ಮದುವೆ ಮಂತ್ರದ ವೇಗದಲ್ಲಿ ತಮಿಳು ಓದುತ್ತಾನೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಾವು ಅವನು ಉಸಿರೆಳೆದುಕೊಂಡಾಗಲೆಲ್ಲ "ಆಮಾ, ಆಮಾ" ಎಂದು ಹೌದುಗುಟ್ಟುತ್ತೇವೆ. ಯಾವುದಕ್ಕೆ ಹೌದೆಂದಿರಿ ಎಂದು ಕೇಳಿದರೆ ಒಬ್ಬನೂ ಹೇಳಲಾರ. ಮೂರು ಭಾಷೆ ಬರುತ್ತದೆಂಬ ಜಂಬ ಬೇರೆ. ಅವತ್ತು ಎಲ್ಲರಿಗಿಂತ ಗಟ್ಟಿಯಾಗಿ ಆಮಾ ಎಂದವನು ನಾನು. ಪತ್ರಿಕೆಯ ಡೆಸ್ಕಿನಲ್ಲಿ ಕೂತು, ಒಂದೇ ನೋಟಕ್ಕೆ ಪುಟ ಓದುತ್ತೇನೆಂದು ಬೀಗಿದವನು. ಆ ಓದು ಪುಟ ತುಂಬಿಸಲು ಸಾಕಿತ್ತು, ಅಷ್ಟೆ.

ಅತ್ತಿಗೆಯ ಮಗ ಹೊಸೂರಿನ ಕಾರ್ಖಾನೆಯಲ್ಲಿದ್ದಾನೆ. ಅವನು ಹಾಳೆಗಳ ಫೋಟೊ ತೆಗೆದು ಮೊಬೈಲಿನಿಂದ ಸಾರಾಂಶ ಮಾಡಿಸಿದ. ಜಮೀನು ಇಬ್ಬರಿಗೆ ಭಾಗವಾಗಿದೆ ಎಂದು ಅದು ತಿಳಿಸಿತು. ಅವನಿಗೆ ಅಷ್ಟಕ್ಕೇ ತೃಪ್ತಿ. ಅದು ತಿಳಿಯದೆಯೇ ಪತ್ರ ಬರೆಯುವವನ ಅಂಗಡಿಗೆ ಬಂದಿದ್ದನೇನೋ.

ಅತ್ತಿಗೆ ತಮಿಳು ಅಕ್ಷರ ಕಲಿತದ್ದು ಬಸ್ಸಿನ ಬೋರ್ಡುಗಳಿಂದ. ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು.

"ಅಮ್ಮೋ, ನಾನು ಎರಡ್ನೇ ಶಿಫ್ಟಿಗೆ ಹೋಗ್ಬೇಕು. ಬಸ್ ಬೋರ್ಡ್ ಓದ್ದಂಗೆ ಓದ್ತಾ ಕೂತಿದ್ದೀಯಲ್ಲ."

"ಬೋರ್ಡ್ ಓದ್ದೆ ಹತ್ತಿದ್ರೆ ಅಂಚೆಟ್ಟಿಗೆ ಹೋಗೋನು ಧರ್ಮಪುರೀಲಿ ಇಳೀತೀಯ ಕಣ್ಲಾ. ಸುಮ್ಕಿರು."

ಪತ್ರ ಬರೆಯುವವನು ನಕ್ಕ. ನಾನೂ ನಕ್ಕು, "ಎಲ್ಲಾ ಸರಿಯಾಗಿದೆ ಅತ್ತಿಗೆ, ನಾನು ನೋಡಿದೀನಿ" ಎಂದೆ.

ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಗಳು ಬಂದಾಗ ಅವರು ಇನ್ನೂ ನಿಧಾನವಾದರು. ಒಂದು ಎಲ್ಲೆ ಓದಿ ಕಣ್ಣು ಮುಚ್ಚುವುದು, ಮತ್ತೆ ಇನ್ನೊಂದು. ಕೂತಲ್ಲೇ ಹೊಲದ ಸುತ್ತ ನಡೆಯುತ್ತಿದ್ದರು ಎಂಬುದು ನಮಗೆ ಹೊಳೆಯಲಿಲ್ಲ.

"ಮೂಡ್ಲಿಗೆ ಹುಣಸೆ ಮರ, ಸರಿ. ಬಡಗ್ಲಿಗೆ ಕಾಡು, ಸರಿ. ಪಡುವ್ಲಿಗೆ ಹಳ್ಳ. ತೆಂಕ್ಲಿಗೆ ಮೈದುನನ ಹೊಲ. ಹೊಲ ಐತೆ, ದಾರಿ ಎಲ್ಲೈತಪ್ಪ? ಬಾವಿಗೆ ನಾನೇನು ಹಾರ್ಕೊಂಡು ಹೋಗ್ಲಾ?"

ಪತ್ರ ಬರೆಯುವವನು ಹಾಳೆಗಳನ್ನು ತಿರುವಿಹಾಕಿದ. ದಾರಿಯ ಮಾತು ಎಲ್ಲೂ ಇರಲಿಲ್ಲ. ಯಾರೋ ಬೇಕೆಂದು ಬಿಟ್ಟದ್ದಲ್ಲ; ಹಳೆಯ ಯಾವುದೋ ಪತ್ರದ ನಕಲಿಗೆ ನಮ್ಮ ಹೆಸರು ತುಂಬಿಸಿ ಮುಗಿಸಿದ್ದ. ಅವನದೂ ವೇಗವೇ. ಆ ಬಿಟ್ಟುಹೋದ ಸಾಲಿನ ಲಾಭವೆಲ್ಲ ನನಗಿತ್ತು.

ಅತ್ತಿಗೆ ನನ್ನ ಕಡೆ ತಿರುಗಿದರು. "ಪೇಪರ್‌ನಾಗೆ ನಿಂದು ಓದೋ ಕೆಲ್ಸಾನೇ ಅಲ್ವೇನಪ್ಪ?"

ಮಗ ಗಂಟೆ ನೋಡಿಕೊಂಡ.

ಪತ್ರ ಮತ್ತೆ ಟೈಪಾಯಿತು. ಅತ್ತಿಗೆ ಅದನ್ನೂ ಮೊದಲಿನಿಂದ ಓದಿದರು. ಗುರುವಾರ ನೋಂದಣಿಯಾಯಿತು. ದಾರಿ ಮೂರನೇ ಹಾಳೆಯಲ್ಲಿದೆ. ಹೋದ ವಾರ ಅವರು ಬದುವಿನ ಮೇಲೆ ಪೈಪು ಎಳೆಸಿದರು.